ಬೋರಲು ಹಾಕಿದ ಕೊಪ್ಪರಿಗೆ

ಚೆಸಪೀಕ್ ಕೊಲ್ಲಿಯನ್ನು ಹನ್ನೊಂದು ಜನರನ್ನು ಹೆಗಲ ಮೇಲೆ ಕೂರಿಸಿಕೊಂಡು, ಹಲ್ಲಿನಲ್ಲಿ ಇಡೀ ಹಂದಿಯ ತೊಡೆಯೊಂದನ್ನು ಕಚ್ಚಿಕೊಂಡು, ನಡೆದೇ ದಾಟಿದವನು ನಾನು. ನೀರು ನನ್ನ ಮೊಣಕಾಲಿಗೂ ಬರಲಿಲ್ಲ. ಬಂದಿದ್ದರೆ ಷರಾಯಿ ಒದ್ದೆಯಾಗಬೇಕಿತ್ತಲ್ಲ? ಆ ಷರಾಯಿ ಈಗಲೂ ನನ್ನ ಪೆಟ್ಟಿಗೆಯಲ್ಲಿದೆ. ಬೇಕಾದವರು ಬಂದು ಮುಟ್ಟಿ ನೋಡಬಹುದು, ಇಸ್ತ್ರಿ ಕೂಡ ಮುದುಡಿಲ್ಲ.

"ಹೋದ್ ವರ್ಷ ಒಂಬತ್ತ್ ಜನ ಇದ್ರಲ್ಲ ಮಾವ?" ಎಂದ ಕ್ಷೌರಿಕ ಪೆರಿ, ಬಾಯಿ ತುಂಬ ಮುಸುಕಿನ ಜೋಳ ಇಟ್ಟುಕೊಂಡು.

"ಇಬ್ರು ದಾರೀಲಿ ಹುಟ್ಟಿದ್ರು ಕಣ್ಲಾ," ಎಂದೆ.

ಹುಲ್ಲಿನ ಮೇಲೆ ಕೂತಿದ್ದ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಕ್ಕಳು ಬೆಂಚಿನ ಹತ್ತಿರಕ್ಕೆ ಇನ್ನಷ್ಟು ಸರಿದವು.

ಅಂದು ಆಗಸ್ಟ್ ಒಂದನೆಯ ತಾರೀಕು. ಬ್ರಿಟಿಷರ ನೆಲದಲ್ಲಿ ಗುಲಾಮಗಿರಿ ಸತ್ತ ದಿನವೆಂದು, ಕೆನಡಾಕ್ಕೆ ಓಡಿಬಂದು ಸೇಂಟ್ ಕ್ಯಾಥರೀನ್ಸಿನಲ್ಲಿ ನೆಲೆಸಿದ ನಮ್ಮ ಜನವೆಲ್ಲ ಪ್ರತಿವರ್ಷ ಚರ್ಚಿನ ಹಿಂದಿನ ಬಯಲಿನಲ್ಲಿ ಸೇರುತ್ತೇವೆ. ಗುಂಡಿ ತೋಡಿ ಕೆಂಡದ ಮೇಲೆ ಇಡೀ ಎತ್ತೊಂದನ್ನು ಸುಡುತ್ತೇವೆ. ಹೆಂಗಸರು ಪೀಚ್ ಹಣ್ಣಿನ ಪೈ ಮಾಡಿ ತರುತ್ತಾರೆ. ಮೆರವಣಿಗೆ ಮುಗಿದು, ಪಾದ್ರಿಗಳ ಭಾಷಣ ಮುಗಿದು, ಊಟ ಅರ್ಧಕ್ಕೆ ಬಂದಾಗ ಯಾರಾದರೂ ಒಬ್ಬರು, "ಶಾಡ್ರಕ್ ಮಾವನ್ನ ಬೆಂಚ್ ಹತ್ಸಿ" ಎಂದು ಕೂಗುತ್ತಾರೆ. ಯಾರೂ ಕೂಗದಿದ್ದರೆ ನಾನೇ ದನಿ ಬದಲಿಸಿ ಕೂಗುತ್ತೇನೆ.

ಈ ಸಲ ಹೆಪ್ಸಕ್ಕ ಇರಲಿಲ್ಲ. ಮಾರ್ಚ್ ತಿಂಗಳಲ್ಲಿ, ಹಿಮ ಇನ್ನೂ ಕರಗದಿದ್ದಾಗ, ಎದೆಯಲ್ಲಿ ಕಫ ಕಟ್ಟಿ ತೀರಿಕೊಂಡಳು. ನೆಲ ಕಲ್ಲಾಗಿತ್ತು. ಬೆಂಕಿ ಹಾಕಿ ಮಣ್ಣು ಕಾಯಿಸಿ ಗುಂಡಿ ತೋಡಬೇಕಾಯಿತು. ತೋಡಿದವನು ನಾನೊಬ್ಬನೇ, ನಲವತ್ತು ಅಡಿ ಆಳ. ನಾಲ್ಕು ಅಡಿ ಎನ್ನುತ್ತಾನೆ ಪೆರಿ, ಅವನ ಮಾತಿಗೆ ಬೆಲೆಯಿಲ್ಲ. ಬೆಂಚು ಹತ್ತುವ ಮೊದಲು ಪಾದ್ರಿಗಳು ನನ್ನ ತೋಳು ಹಿಡಿದು, "ಶಾಡ್ರಕ್, ಇವತ್ತು ಆಯಮ್ಮನ ನೆನಪಿಗೆ ಹೇಳ್ತಿದೀಯ. ಸುಳ್ಳಿಗೆ ಒಸಿ ನೀರು ಬೆರ್ಸಪ್ಪ" ಎಂದಿದ್ದರು. "ಬೆರಸ್ತೀನಿ ಸ್ವಾಮಿ, ಕೊಲ್ಲಿ ತುಂಬಾ ನೀರೈತೆ" ಎಂದಿದ್ದೆ.

ಹೆಪ್ಸಕ್ಕನ ಪೂರ್ತಿ ಹೆಸರು ಹೆಪ್ಸಿಬಾ. ಗಡಿಯಾಚೆ, ಮೇರಿಲ್ಯಾಂಡಿನಲ್ಲಿ ನಾವಿಬ್ಬರೂ ಒಬ್ಬನೇ ಒಡೆಯನ ಗುಲಾಮರು. ಅವಳಿಗೆ ಏಳು ವರ್ಷವಾದಾಗ ಒಡೆಯ ಅವಳನ್ನು ಜೌಗಿನ ಇಲಿ ಹಿಡಿಯುವವನೊಬ್ಬನಿಗೆ ಬಾಡಿಗೆಗೆ ಕೊಟ್ಟ. ಜೌಗಿನ ಇಲಿ ಎಂದರೆ ನಿಮ್ಮ ಅಡುಗೆಮನೆಯ ಇಲಿಯಲ್ಲ. ಒಂದೊಂದೂ ಕರುವಿನಷ್ಟು ದೊಡ್ಡದು, ಚರ್ಮಕ್ಕೆ ಒಳ್ಳೆಯ ಗಿರಾಕಿ. ಚಳಿಗಾಲದಲ್ಲಿ ಸೊಂಟದವರೆಗಿನ ನೀರಿನಲ್ಲಿ ನಿಂತು ಬೋನು ತಡಕಬೇಕು. ಬೋನಿನ ಹಲ್ಲಿಗೆ ಸಿಕ್ಕಿ ಅವಳ ಎಡಗೈಯ ಎರಡು ಬೆರಳು ಹೋದವು. ನಾನು ಎಂಟು ಎಂದೆ.

"ಹಂಗಾದ್ರೆ ಅವ್ಳು ರೊಟ್ಟಿ ತಟ್ತಿದ್ದದ್ದು ಯಾವುದ್ರಲ್ಲಿ?" ಎಂದ ಪೆರಿ.

"ನಿನ್ ಕೆನ್ನೆಗ್ ತಟ್ತಿದ್ಲಲ್ಲ, ಅದ್ರಲ್ಲೇ."

ಇಪ್ಪತ್ತೈದನೆಯ ವರ್ಷದಲ್ಲಿ, ಒಡೆಯ ತನ್ನನ್ನು ಮಾರಲಿದ್ದಾನೆಂದು ತಿಳಿದ ಬೆಳಿಗ್ಗೆ, ಎಂದಿನಂತೆ ಬೋನುಗಳನ್ನು ಹೆಗಲಿಗೆ ಹಾಕಿಕೊಂಡು ಜೌಗಿಗೆ ಇಳಿದವಳು ಮತ್ತೆ ಹತ್ತಲಿಲ್ಲ. ಬೇಟೆನಾಯಿಗಳನ್ನು ಬಿಟ್ಟರು. ಮೈಗೆ ಇಲಿಯ ಗಬ್ಬುನಾತ ಹತ್ತಿದ್ದ ಅವಳನ್ನು ನಾಯಿಗಳು ಇಲಿಯೆಂದೇ ತಿಳಿದು ಬೆನ್ನು ತಿರುಗಿಸಿದವು. (ಹುಚ್ಚು ಹಿಡಿದು ಒಡೆಯನ ತೊಡೆಗೇ ಬಾಯಿ ಹಾಕಿದವು ಎಂದು ನಾನು ಹೇಳುವುದುಂಟು. ಹಾಕಿದ್ದರೆ ಚೆನ್ನಾಗಿತ್ತು.) ಕೆನಡಾ ತಲುಪಿದಳು. ತಲುಪಿದವಳು ಸುಮ್ಮನಿರಬೇಕೋ ಬೇಡವೋ? ಮುಂದಿನ ಚಳಿಗಾಲ ಹೊರಟಳು ನೋಡಿ, ವಾಪಸ್ಸು, ಅದೇ ಜೌಗಿಗೆ! ಬೆನ್ನಿಗೆ ಹಸಿ ಚರ್ಮದ ಮೂಟೆ. ಬಿಳಿಯರು ಮೂಗು ಹಿಡಿದು ಆ ಕಡೆ ತಿರುಗುತ್ತಿದ್ದರು. "ಮುಖ ತಿರುಗಿಸ್ದೋನಿಗೆ ಮುಖ ಕಾಣಲ್ಲ" ಎನ್ನುತ್ತಿದ್ದಳು.

ಹೀಗೆ ಏಳು ಸಲ ಹೋದಳು. ಮುನ್ನೂರು ಜನರನ್ನು ತಂದಳು ಎಂದೆ. ಪಾದ್ರಿಗಳು ಕೆಮ್ಮಿದರು. ಮೂವತ್ತೊಂದು ಎಂದು ತಿದ್ದಿಕೊಂಡೆ.

ಆದರೆ ಅವಳು ಹೋಗುತ್ತಿದ್ದದ್ದು ಮೂವತ್ತೊಂದು ಜನರಿಗಾಗಿ ಅಲ್ಲ, ಒಬ್ಬಳಿಗಾಗಿ. ಒಡಹುಟ್ಟಿದವಳೆಂದು ಅವಳಿಗೆ ಉಳಿದಿದ್ದವಳು ತಂಗಿ ಡಾರ್ಕಸ್ ಒಬ್ಬಳೇ. ದೊಡ್ಡಮನೆಯಲ್ಲಿ ಬಟ್ಟೆ ಒಗೆಯುತ್ತಿದ್ದಳು. ಹೆಪ್ಸಕ್ಕ ಹೋದಾಗಲೆಲ್ಲ ಏನಾದರೊಂದು ಅಡ್ಡ ಬರುತ್ತಿತ್ತು. ಒಮ್ಮೆ ಡಾರ್ಕಸಳನ್ನು ಹೊಳೆಯಾಚೆಯ ಮನೆಗೆ ಬಾಡಿಗೆಗೆ ಕಳಿಸಿದ್ದರು. ಒಮ್ಮೆ ಎದ್ದು ನಿಲ್ಲಲಾಗದಷ್ಟು ಜ್ವರ. ಒಮ್ಮೆ ಬಾಗಿಲಿಗೆ ಹೊರಗಿನಿಂದ ಬೀಗ. ಆಗ ಯಾರು ಸಿಕ್ಕರೆ ಅವರನ್ನು ಕರೆದುಕೊಂಡು ಬರುತ್ತಿದ್ದಳು. "ಅಷ್ಟ್ ದೂರ ಹೋಗಿ ಬರಿಗೈಲಿ ಬರೋಕಾಗುತ್ತಾ?" ಎಂದು, ಸಂತೆಗೆ ಹೋಗಿ ಬಂದವಳ ಹಾಗೆ ಹೇಳುತ್ತಿದ್ದಳು. ನಮ್ಮ ಊರಿನ ಅರ್ಧ ಜನ ಹೀಗೆ ಡಾರ್ಕಸಳ ಬದಲಿಗೆ ಬಂದವರು.

ಆರನೆಯ ಸಲ ಬದಲಿಗೆ ಬಂದವನು ನಾನು.

ಈ ಭಾಗ ಬಂದಾಗ ನಾನು ತುಸು ಎದೆಯುಬ್ಬಿಸಿ ನಿಲ್ಲುತ್ತೇನೆ. ಆ ಜಮೀನಿನಲ್ಲಿ ನಾನು ಎತ್ತಿನ ಗಾಡಿಯವನು. ಸುತ್ತಲಿನ ಮೂರು ಸೀಮೆಗಳಲ್ಲಿ ನನ್ನಂಥವನಿರಲಿಲ್ಲ. ಬೇರೆ ಯಾರಾದರೂ ನೊಗ ಮುಟ್ಟಿದರೆ ನನ್ನ ಎತ್ತುಗಳು ಅಲ್ಲೇ ಮಲಗಿ ಗೊರಕೆ ಹೊಡೆಯುತ್ತಿದ್ದವು. ಅಲ್ಲಿಂದ ಗಾಡಿ ಹೊರಟಿತೆಂದರೆ ಹೊಡೆಯುವವನು ಶಾಡ್ರಕ್ ಒಬ್ಬನೇ, ಬೇರೆ ಪ್ರಾಣಿಯಿಲ್ಲ.

ಒಂದು ಶನಿವಾರ ಸಂಜೆ ಜೌಗಿನ ತೊರೆಯ ಬಳಿ ಬಾ, ಡಾರ್ಕಸಳನ್ನೂ ಕರೆದುಕೊಂಡು ಬಾ ಎಂದು ಹೆಪ್ಸಕ್ಕ ನನಗೆ ಹೇಳಿದ್ದಳು. ಸೂರ್ಯ ಮುಳುಗುತ್ತಿದ್ದ. ಹೆಪ್ಸಕ್ಕ ಆಳೆತ್ತರದ ಆಪಿನ ಹುಲ್ಲಿನ ನಡುವೆ ನಿಂತಿದ್ದಳು. ಡಾರ್ಕಸ್ ದಡಕ್ಕೆ ಬಂದಳು, ನೀರು ನೋಡಿದಳು, ನಿಂತಳು. ಇಲ್ಲಿ ನಾನು ಬೆಂಚಿನ ಮೇಲೆ ಮೊಣಕಾಲು ಒಂದಕ್ಕೊಂದು ಬಡಿಯುವಂತೆ ನಡುಗಿಸುತ್ತೇನೆ, ಕೈಯಲ್ಲಿ ಲಂಗ ಎತ್ತಿ ಹಿಡಿದವಳಂತೆ ಮಾಡುತ್ತೇನೆ, ಕೀರಲು ದನಿಯಲ್ಲಿ, "ಅಕ್ಕಾ, ನಾ ಒಲ್ಲೆ ಕಣಕ್ಕಾ, ನೀರು ತಣ್ಣಗೈತೆ, ನಾ ಒಲ್ಲೆ" ಎನ್ನುತ್ತೇನೆ. ಆಮೇಲೆ ಲಂಗ ಎತ್ತಿಕೊಂಡು ಬೆಂಚಿನ ಆ ತುದಿಗೆ ಓಟ. ಮಕ್ಕಳಿಗೆ ಇದು ಬಹಳ ಇಷ್ಟ. ಈ ಸಲವೂ ಬಿದ್ದು ಬಿದ್ದು ನಕ್ಕವು.

ಹೆಪ್ಸಕ್ಕ ಇದ್ದಾಗ ಈ ಭಾಗ ಬರುವ ಹೊತ್ತಿಗೆ ಸರಿಯಾಗಿ ಎದ್ದು, ಮಾಂಸ ತಿರುಗಿಸಬೇಕೆಂದು ಗುಂಡಿಯ ಕಡೆ ಹೋಗುತ್ತಿದ್ದಳು. ಅವಳ ಬೆನ್ನು ಕಂಡ ಮೇಲೆಯೇ ನಾನು ಮೊಣಕಾಲು ನಡುಗಿಸುತ್ತಿದ್ದದ್ದು.

"ಮಾವ," ಎಂದು ಒಂದು ಹೆಣ್ಣುದನಿ ಕೇಳಿತು.

ಹಿಂದಿನ ಸಾಲಿನಲ್ಲಿ, ಮರಕ್ಕೆ ಒರಗಿ ನಿಂತಿದ್ದಳು. ಇಪ್ಪತ್ತು ವರ್ಷವಿರಬಹುದು. ಗಿಡ್ಡ ಹುಡುಗಿ. ಪ್ರಯಾಣದ ಧೂಳು ಕುಡಿದ ಅಂಗಿ, ಕಾಲ ಬಳಿ ಬಟ್ಟೆಯ ಚೀಲ. ಹಿಂದಿನ ದಿನ ರೈಲಿನಿಂದ ಇಳಿದು ಪಾದ್ರಿಗಳ ಮನೆಯಲ್ಲಿ ತಂಗಿದ್ದಾಳೆಂದು ಬೆಳಿಗ್ಗೆ ಕೇಳಿದ್ದೆ. ಅವಳು ಒಂದು ಸಲವೂ ನಗಲಿಲ್ಲ ಎಂಬುದನ್ನು ನಾನು ಗಮನಿಸಿದ್ದೆ. ನಗದವರನ್ನು ನಾನು ಬೇಗ ಗಮನಿಸುತ್ತೇನೆ.

"ಆ ಡಾರ್ಕಸ್ ನೀರಿನ ಹತ್ರ ಬಂದಿದ್ದನ್ನ ನೀವು ಕಣ್ಣಾರೆ ಕಂಡ್ರಾ?"

"ಕಂಡ್ರಾ ಅಂದ್ರೆ? ಇಲ್ಲಿಗೂ ಆ ಮೇಜಿಗೂ ಎಷ್ಟ್ ದೂರವೋ ಅಷ್ಟ್ ದೂರ. ಅವಳ ಹಲ್ಲು ಕಟಕಟ ಅನ್ನೋದು ಆಚೆ ದಡಕ್ಕೆ ಕೇಳಿಸ್ತಿತ್ತು ಮಗಳೇ."

"ಶನಿವಾರನೇ?"

"ಶನಿವಾರ. ಹೊತ್ತು ಮುಳುಗೋವಾಗ."

"ನಮ್ಮವ್ವನ್ನ ಶುಕ್ರವಾರ ಬೆಳಿಗ್ಗೆನೇ ಸಾಗಿಸಿದ್ರಲ್ಲ," ಎಂದಳು.

ಜೋಳ ಅಗಿಯುವ ಸದ್ದು ನಿಂತಿತು. ಮಕ್ಕಳು ಮಾತ್ರ ಇನ್ನೂ ಸ್ವಲ್ಪ ಹೊತ್ತು ನಗುತ್ತಿದ್ದವು, ಆಮೇಲೆ ಅವೂ ದೊಡ್ಡವರ ಮುಖ ನೋಡಿ ಸುಮ್ಮನಾದವು.

ಅವಳ ಹೆಸರು ಲುವಿನಿ. ಜಾರ್ಜಿಯಾದವಳು. ಡಾರ್ಕಸಳ ಮಗಳು. ಅವಳಿಗೆ ಎಂಟು ವರ್ಷವಿದ್ದಾಗ, ಗುಲಾಮರನ್ನು ಬಿಡಿಸಿದ ಯುದ್ಧ ಮುಗಿಯುವ ಮೊದಲೇ, ಹತ್ತಿಯ ಹೊಲದ ಗುಡಿಸಲಲ್ಲಿ ತಾಯಿ ಜ್ವರದಿಂದ ಸತ್ತಿದ್ದಳು. ಯುದ್ಧದ ನಂತರ ಕಳೆದುಹೋದವರನ್ನು ಹುಡುಕುವ ಕಾಗದಗಳನ್ನು ಚರ್ಚುಗಳಲ್ಲಿ ಓದುತ್ತಿದ್ದರು. ಹೆಪ್ಸಕ್ಕ ವರ್ಷವರ್ಷವೂ ಬರೆಸುತ್ತಿದ್ದಳು. ನನ್ನ ತಂಗಿ ಡಾರ್ಕಸ್, ಬಟ್ಟೆ ಒಗೆಯುವವಳು, ಎತ್ತರ ಕಡಿಮೆ, ಎಡಚಿ, ಕಂಡವರು ತಿಳಿಸಬೇಕು ಎಂದು. ಅಂಥದ್ದೊಂದು ಕಾಗದವನ್ನು ಅಲ್ಲಿನ ಪಾದ್ರಿಯೊಬ್ಬ ಓದಿದಾಗ ಲುವಿನಿ ಹೊರಟಿದ್ದಳು. ಊರೂರಲ್ಲಿ ನಿಂತು ದುಡಿದು, ರೈಲಿನ ಖರ್ಚು ಹೊಂದಿಸಿಕೊಂಡು, ಒಂದೂವರೆ ವರ್ಷ.

ಇದನ್ನೆಲ್ಲ ಅವಳು ಸಿಟ್ಟಿಲ್ಲದೆ, ದಾರಿ ಕೇಳುವವಳಂತೆ ಹೇಳಿದಳು.

"ಅವ್ವ ಒಂದೇ ಕತೆ ಹೇಳ್ತಿದ್ಲು. ಗುರುವಾರ ಸಂಜೆ ಮಾಂಸ ಒಣಗಿಸೋ ಮನೇಲಿ ಕೂಡಾಕಿದ್ರಂತೆ. ಶುಕ್ರವಾರ ಬೆಳಿಗ್ಗೆ ಕಾಲಿಗೆ ಸರಪಣಿ ಹಾಕಿ ಎತ್ತಿನ ಗಾಡೀಲಿ ತಗೊಂಡೋಗಿ ದಲ್ಲಾಳಿ ಕೈಗೆ ಕೊಟ್ರಂತೆ. ಗಾಡಿಯವನ ಹತ್ರ ಅಕ್ಕಂಗೆ ಒಂದ್ ಮಾತು ಹೇಳ್ ಕಳ್ಸಿದೀನಿ ಅಂತ ಸಾಯೋಗಂಟ ಹೇಳ್ತಿದ್ಲು. ಆ ಮಾತು ಮುಟ್ತೋ ಇಲ್ವೋ, ಅದನ್ ಕೇಳೋಕೆ ಬಂದೆ. ನೋಡಿದ್ರೆ ದೊಡ್ಡವ್ವನೇ ಇಲ್ಲ."

"ಗಾಡಿಯವ್ನು ಯಾರು ಅಂತ ಹುಡುಕಿದ್ರೆ..." ಎಂದು ಪೆರಿ ಸಹಾಯ ಮಾಡುವವನ ಹಾಗೆ ಶುರು ಮಾಡಿದ. ಅರ್ಧದಲ್ಲೇ ನಿಂತು ನನ್ನ ಕಡೆ ತಿರುಗಿದ. ಅವನ ಕಣ್ಣಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

"ಮಾವ, ಅಲ್ಲಿ ಗಾಡಿ ಹೊಡೀತಿದ್ದೋನು ನೀನೊಬ್ನೇ ಅಲ್ವಾ?"

ಆ ಗಳಿಗೆಯಲ್ಲೂ ನನ್ನ ನಾಲಿಗೆಯ ತುದಿಯಲ್ಲಿ ಮೂರು ಸುಳ್ಳು ಸಾಲಾಗಿ ನಿಂತಿದ್ದವು. ಆ ವಾರ ನನ್ನ ಕಾಲು ಮುರಿದಿತ್ತು. ಆ ವಾರ ಎತ್ತುಗಳನ್ನು ಪಕ್ಕದ ಊರಿಗೆ ಕೊಟ್ಟಿದ್ದರು. ಆ ಡಾರ್ಕಸ್ ಬೇರೆ, ಈ ಡಾರ್ಕಸ್ ಬೇರೆ. ಮೂರನೆಯದು ಹೇಳಲೆಂದು ಬಾಯಿ ತೆರೆದೆ. ಲುವಿನಿ ಹಣೆಯ ಬೆವರನ್ನು ಎಡಗೈಯಿಂದ ಒರೆಸಿಕೊಂಡಳು. ಮಣಿಕಟ್ಟನ್ನು ಹೊರಮುಖವಾಗಿ ತಿರುಗಿಸಿ, ಕೈಗೆ ಸೋಪಿನ ನೊರೆ ಹತ್ತಿದಾಗ ಡಾರ್ಕಸ್ ಒರೆಸಿಕೊಳ್ಳುತ್ತಿದ್ದ ಹಾಗೆ.

ನಾನು ಬೆಂಚಿನಿಂದ ಇಳಿದೆ.

"ನಾನೇ," ಎಂದೆ.

ಅವಳು ಜನರ ನಡುವೆ ನಡೆದು ಬಂದು ನನ್ನ ಎದುರು ನಿಂತಳು. ಕೂರಲಿಲ್ಲ. ನಾನು ಕೂತೆ.

ಅಲ್ಲಿದ್ದ ಹಿರಿಯರಿಗೆ ಕೊಪ್ಪರಿಗೆಯ ವಿಷಯ ಹೇಳಬೇಕಿರಲಿಲ್ಲ. ಲುವಿನಿಗೂ ಗೊತ್ತಿತ್ತು, ತಲೆಯಾಡಿಸಿದಳು. ಇಲ್ಲಿ ಹುಟ್ಟಿದ ಮಕ್ಕಳಿಗೆ ಗೊತ್ತಿಲ್ಲ. ನಾವು ಅಲ್ಲಿದ್ದಾಗ ಕದ್ದು ಪ್ರಾರ್ಥನೆ ಮಾಡುವ ದಿನ, ಬಟ್ಟೆ ಕುದಿಸುವ ಕಬ್ಬಿಣದ ಕೊಪ್ಪರಿಗೆಯನ್ನು ತಂದು ಗುಡಿಸಲಿನ ಬಾಗಿಲಲ್ಲಿ ಬೋರಲು ಹಾಕುತ್ತಿದ್ದೆವು. ಒಂದಂಚಿಗೆ ಕಲ್ಲು ಕೊಟ್ಟು ಸ್ವಲ್ಪ ಎತ್ತಿರಬೇಕು. ನಮ್ಮ ಹಾಡು, ಅಳು, ಬೇಡಿಕೆ ಎಲ್ಲವನ್ನೂ ಕೊಪ್ಪರಿಗೆ ನುಂಗುತ್ತದೆ, ಒಡೆಯನ ಕಿವಿಗೆ ಹೋಗುವುದಿಲ್ಲ ಎಂದು ನಂಬಿಕೆ. ನನ್ನ ಅಜ್ಜಿ ನಂಬಿದ್ದಳು, ಅವ್ವ ನಂಬಿದ್ದಳು, ಹೆಪ್ಸಕ್ಕನೂ ನಂಬಿದ್ದಳು. ಒಮ್ಮೊಮ್ಮೆ ಸಿಕ್ಕಿಬಿದ್ದು ಛಡಿ ಏಟು ತಿಂದದ್ದೂ ಇದೆ. ಆಗ ಕಲ್ಲು ಸರಿಯಾಗಿ ಇಟ್ಟಿರಲಿಲ್ಲ ಎಂದುಕೊಳ್ಳುತ್ತಿದ್ದೆವು.

"ಬುಧವಾರ ನಿನ್ ದೊಡ್ಡವ್ವ ಜೌಗಿನ ಹತ್ರ ನಂಗೆ ಸಿಕ್ಕಿದ್ಲು," ಎಂದೆ. "ಶನಿವಾರ ಸಂಜೆ ತೊರೆ ಹತ್ರ ದೋಣಿ ತರ್ತೀನಿ, ಡಾರ್ಕಸ್‌ಗೆ ಹೇಳು, ಇನ್ಯಾರ ಮುಂದೂ ಬಾಯ್ ಬಿಡಬ್ಯಾಡ ಅಂದ್ಲು. ನಾನು ಸೌದೆ ಹಾಕೋಕೆ ಹೋದಾಗ ನಿಮ್ಮವ್ವಂಗೆ ಹೇಳ್ದೆ."

"ಆಮೇಲೆ?"

ಆಮೇಲೆ ಏನು? ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ ಎಂಬುದು ಊರಿಗೇ ಗೊತ್ತು. ಬುಧವಾರ ಸಂಜೆಯಿಂದ ಗುರುವಾರ ಮಧ್ಯಾಹ್ನದವರೆಗೆ ತಡೆದುಕೊಂಡೆ. ಹೊಟ್ಟೆ ಊದಿಕೊಂಡಂತಾಯಿತು. ಸ್ವಾತಂತ್ರ್ಯಕ್ಕೆ ಹೋಗುತ್ತಿರುವವನು ಗೊಬ್ಬರ ಹೇರುತ್ತಿದ್ದೇನೆ, ಎತ್ತುಗಳಿಗೆ ಕೂಡ ಗೊತ್ತಿಲ್ಲ! ಮಧ್ಯಾಹ್ನ ಸೌದೆಯ ಗಾಡಿ ಒಗೆಯುವ ಮನೆಯ ಹಿಂದೆ ನಿಲ್ಲಿಸಿದೆ. ಡಾರ್ಕಸ್ ಬಟ್ಟೆ ಹರವಲು ಆಚೆ ಹೋಗಿದ್ದಳು. ಅವಳ ಕೊಪ್ಪರಿಗೆ ಬಿಸಿಲಿನಲ್ಲಿ ಬೋರಲು ಬಿದ್ದಿತ್ತು. ಒಂದಂಚು ಕಲ್ಲಿನ ಮೇಲಿತ್ತು. ಯಾರಿಗೂ ಹೇಳಬಾರದು ಸರಿ, ಕೊಪ್ಪರಿಗೆ ಯಾರೂ ಅಲ್ಲವಲ್ಲ, ಅದರ ಕೆಲಸವೇ ನುಂಗುವುದು. ಅಂಗಾತ ಮಲಗಿ ಅಂಚಿನ ಕೆಳಗೆ ತಲೆ ತೂರಿಸಿದೆ.

ಏನೆಂದೆ ಎಂದು ಲುವಿನಿ ಕೇಳಿದಳು. ಪೂರ್ತಿ ಹೇಳು ಎಂದಳು. ಆ ಹೊತ್ತಿಗೆ "ನೀವು" ಹೋಗಿ "ನೀನು" ಬಂದಿತ್ತು.

"'ನಾನ್ ಹೋಗ್ತಿದೀನಿ' ಅಂದೆ. 'ಹೆಪ್ಸಿ ಬರ್ತಾವ್ಳೆ, ಡಾರ್ಕಸ್‌ನೂ ನನ್ನೂ ಕರ್ಕೊಂಡ್ ಹೋಗ್ತಾಳೆ, ಈ ವಾರದಲ್ಲೇ! ಊರಿನ ದೊಡ್ಡ ಧಕ್ಕೆಗೆ ಹಡಗು ಬರುತ್ತೆ, ಮೂರ್ ಕಂಬದ್ದು, ನಲವತ್ತು ಬಂದೂಕು ಇರುತ್ತೆ, ನಾನ್ ಮುಂದ್ಗಡೆ ನಿಂತ್ಕೊಂಡು ಟೋಪಿ ಬೀಸ್ತೀನಿ' ಅಂದೆ. ಮೂರ್ ಸಲ ಅಂದೆ. ಎರಡನೇ ಸಲ ಕಂಬ ಐದಾಗಿತ್ತು."

ಯಾರೂ ನಗಲಿಲ್ಲ. ನಗಲಿ ಎಂದು ಹೇಳಿದ್ದೂ ಅಲ್ಲ.

ಒಡೆಯನ ತಾಯಿ, ಕಣ್ಣಿಲ್ಲದ ಮುದುಕಿ, ದಿನಾ ಮುಂಬಾಗಿಲ ಜಗಲಿಯಲ್ಲಿ ಕೂತು ಅವರೆ ಬಿಡಿಸುತ್ತಿದ್ದವಳು, ಅಂದು ಬಿಸಿಲಿಗೆ ತಾಳಲಾರದೆ ಕುರ್ಚಿಯನ್ನು ಒಗೆಯುವ ಮನೆಯ ಗೋಡೆಯಾಚೆ, ಹಿಪ್ಪುನೇರಳೆ ಮರದ ನೆರಳಿಗೆ ಹಾಕಿಸಿಕೊಂಡಿದ್ದಳು. ಕಬ್ಬಿಣ ಮಾತನ್ನು ನುಂಗುವುದಿಲ್ಲ. ಗಂಟೆಯ ಹಾಗೆ ದೊಡ್ಡದು ಮಾಡಿ ಉಗುಳುತ್ತದೆ. ನೆಲದೊಳಗಿಂದ ಸೈತಾನ ಮಾತಾಡಿದ ಎಂದು ಮುದುಕಿ ಕಿರುಚಿಕೊಂಡಳಂತೆ. ಅಡುಗೆಯವಳು ಆಮೇಲೆ ಹೇಳಿದಳು. ಯಾರ ದನಿಯೆಂದು ಗೊತ್ತಾಗಲಿಲ್ಲ. ಹೆಪ್ಸಿಯ ಹೆಸರು ಕೇಳಿಸಿತು, ಅವಳು ಓಡಿಹೋಗಿ ಎಷ್ಟೋ ವರ್ಷವಾಗಿತ್ತು, ಹಿಡಿಯಬೇಕೆಂದರೆ ಅವಳು ಬರುವವರೆಗೆ ಕಾಯಬೇಕು. ಒಡೆಯ ಆರು ಜನರಿಗೆ ಬಂದೂಕು ಕೊಟ್ಟು ದೊಡ್ಡ ಧಕ್ಕೆಯಲ್ಲಿ ಕೂರಿಸಿದ. ಬಾರದ ಹಡಗಿಗಾಗಿ ಅವರು ನಾಲ್ಕು ದಿನ ಕಾದರು. ಹೆಪ್ಸಕ್ಕನ ದೋಣಿ ಎರಡು ಮೈಲಿ ಕೆಳಗೆ, ಆಪಿನ ನಡುವೆ ಇತ್ತು.

ನಾನು ಅಂದು ಹೇಳಿದ್ದರಲ್ಲಿ ಹಡಗು ಸುಳ್ಳು, ಧಕ್ಕೆ ಸುಳ್ಳು, ಬಂದೂಕು ಸುಳ್ಳು. ಆ ಸುಳ್ಳುಗಳು ಹೆಪ್ಸಕ್ಕನನ್ನು ಉಳಿಸಿದವು. "ನಾನು, ನಾನು" ಎಂದು ನೂರು ಸಲ ಅಂದಿದ್ದೆ. ತನ್ನ ಹೆಸರನ್ನು ತಾನೇ ಯಾರು ಕರೆದುಕೊಳ್ಳುತ್ತಾರೆ? ಹಾಗಾಗಿ ನಾನೂ ಉಳಿದೆ. ಅಷ್ಟರಲ್ಲಿ ಕೈಗೆ ಸಿಗುವಂಥ ನಿಜ ಇದ್ದದ್ದು ಒಂದೇ, ಡಾರ್ಕಸ್ ಎಂಬ ಹೆಸರು.

"ಶುಕ್ರವಾರ ಬೆಳಿಗ್ಗೆ ಗಾಡಿ ಕಟ್ಟು ಅಂದ್ರು. ಕಟ್ಟಿದೆ," ಎಂದೆ. "ನಿಮ್ಮವ್ವ ಹಿಂದ್ಗಡೆ ಕೂತಿದ್ಲು. ಮೇಸ್ತ್ರಿ ಕುದುರೆ ಮೇಲೆ ಒಸಿ ಮುಂದಿದ್ದ. ಹನ್ನೆರಡು ಮೈಲಿ."

"ಏನಂದ್ಲು?"

ಇಪ್ಪತ್ತೆರಡು ವರ್ಷದಿಂದ ಆ ಮಾತು ನನ್ನೊಳಗಿತ್ತು. ಯಾವ ಮಾತನ್ನೂ ಒಂದು ರಾತ್ರಿ ಇಟ್ಟುಕೊಳ್ಳಲಾರದವನು ಅದೊಂದನ್ನು ಇಟ್ಟುಕೊಂಡಿದ್ದೆ. ಒಂದಕ್ಷರವನ್ನೂ ಮರೆತಿರಲಿಲ್ಲ.

"'ಶಾಡ್, ಯಾರೋ ಹೇಳ್ಬಿಟ್ಟವ್ರೆ. ಅಕ್ಕಂಗೆ ಹೇಳು, ನಾ ಹೊರಟು ನಿಂತಿದ್ದೆ, ಯಾರೋ ಹೇಳ್ಬಿಟ್ರು ಅಂತ. ನೀನೂ ಹುಷಾರು ಕಣಪ್ಪ, ಯಾರನ್ನೂ ನಂಬಬ್ಯಾಡ.' ಅಷ್ಟೇ ಅಂದ್ಲು."

ಪಾದ್ರಿಗಳ ಹೆಂಡತಿ ಶಾಲಿನಲ್ಲಿ ಮುಖ ಮುಚ್ಚಿಕೊಂಡಳು. ಪೆರಿ ತನ್ನ ತಟ್ಟೆಯನ್ನೇ ನೋಡುತ್ತಿದ್ದ.

"ದೊಡ್ಡವ್ವಂಗೆ ಹೇಳ್ಲಿಲ್ಲ ನೀನು."

"ಇಲ್ಲ. ಯಾರೋ ಹೇಳ್ಬಿಟ್ರು ಅಂದ್ರೆ, ಯಾರಿಗೆ ಗೊತ್ತಿತ್ತು ಅಂತ ಕೇಳ್ತಾಳೆ. ಗೊತ್ತಿದ್ದೋರು ಮೂರೇ ಜನ. ಅವಳು, ನಿಮ್ಮವ್ವ, ನಾನು. ಶನಿವಾರ ತೊರೆ ಹತ್ರ, 'ಎಲ್ಲಿ?' ಅಂದ್ಲು. 'ಹೆದರ್ಕೊಂಡ್ಲು, ಬರಲ್ಲ ಅಂದ್ಲು' ಅಂದೆ. 'ಡಾರ್ಕಸ್ ಹೆದರ್ಕೊಂಡ್ಲಾ?' ಅಂದ್ಲು. ಉಬ್ಬರದ ನೀರು ಇಳಿಯೋಗಂಟ ಕಾದ್ಲು, ಆ ದಾರೀನೇ ನೋಡ್ಕೊಂಡು. ಆಮೇಲೆ ದೋಣಿ ತಳ್ಳಿದ್ಲು."

ಮರುವರ್ಷ ಹೆಪ್ಸಕ್ಕ ಏಳನೆಯ ಸಲ ಹೋದಳು. ಡಾರ್ಕಸಳನ್ನು ಮಾರಿದ್ದಾರೆ ಎಂಬ ಸುದ್ದಿ ತಂದಳು, ಜೊತೆಗೆ ಇಬ್ಬರು ಮುದುಕರನ್ನು. ಯಾವ ದಿನ ಮಾರಿದರೆಂದು ಅವಳಿಗೆ ಅಲ್ಲಿ ಯಾರಾದರೂ ಹೇಳಿದರೋ ಇಲ್ಲವೋ ನನಗೆ ಗೊತ್ತಿಲ್ಲ. ನಾನು ಕೇಳಲಿಲ್ಲ. ಅವಳು ಹೇಳಲಿಲ್ಲ. ನನಗೆ ಜ್ವರ ಬಂದಾಗ ಗಂಜಿ ಕಾಯಿಸಿ ಕೊಟ್ಟಿದ್ದಾಳೆ. ನನ್ನ ಅಂಗಿಗೆ ತೇಪೆ ಹಾಕಿದ್ದಾಳೆ. ಡಾರ್ಕಸಳ ಹೆಸರನ್ನು ಮಾತ್ರ ನನ್ನ ಮುಂದೆ ಮತ್ತೊಮ್ಮೆ ಎತ್ತಲಿಲ್ಲ. ವರ್ಷಕ್ಕೊಮ್ಮೆ, ಈ ಭಾಗ ಬಂದಾಗ, ಮಾಂಸ ತಿರುಗಿಸಲು ಎದ್ದು ಹೋಗುತ್ತಿದ್ದಳು. ಮಾಂಸ ಆ ಹೊತ್ತಿಗೆ ಯಾವಾಗಲೋ ಬೆಂದಿರುತ್ತಿತ್ತು.

ಲುವಿನಿ ಕೈಯಲ್ಲಿದ್ದ ಚೀಲವನ್ನು ಕಾಲ ಬಳಿ ಇಟ್ಟಳು.

"ಹಂಗಾದ್ರೆ ಅವ್ವ ಹೆದರಿರಲಿಲ್ಲ," ಎಂದಳು.

"ಹೆದರೋದಾ? ಬುಧವಾರ ನಾನ್ ಹೇಳ್ದಾಗ ಒಂದ್ ದುಪಟಿ ಹಿಂಡ್ತಿದ್ಲು. ನೀರೆಲ್ಲ ಹೋದ್ರೂ ಹಿಂಡ್ತಾನೇ ಇದ್ಲು. ಕೊನೆಗೆ, 'ಶನಿವಾರ ಅಂದ್ರೆ ಇನ್ನೂ ಮೂರ್ ದಿನ. ಮೂರ್ ದಿನ ಹೆಂಗ್ಲಾ ಇರೋದು?' ಅಂದ್ಲು. ಆಮೇಲೆ ನಕ್ಕಳು."

"ಇದು ನಿಜನಾ?"

"ನಿಜ."

"ನಾನು ಹೆಂಗ್ ನಂಬ್ಲಿ?"

ಜನ ಒಬ್ಬೊಬ್ಬರಾಗಿ ಎದ್ದು ತಟ್ಟೆ ಬಟ್ಟಲು ಎತ್ತಿಡತೊಡಗಿದರು. ಯಾರೂ ನನ್ನನ್ನು ಬೈಯಲಿಲ್ಲ. ಪೆರಿ ನನ್ನ ಹತ್ತಿರದಿಂದ ಹಾದುಹೋದ, ನಿಲ್ಲಲಿಲ್ಲ. ಪಾದ್ರಿಗಳು ಮಕ್ಕಳನ್ನು ಆಚೆ ಕರೆದೊಯ್ದರು. ಲುವಿನಿ ಚೀಲವನ್ನು ಎತ್ತಿ ಹೆಗಲಿಗೇರಿಸಿಕೊಂಡಳು. ಹೊರಟಳು ಎಂದುಕೊಂಡೆ. ತಿರುಗಿ ನಿಂತಳು.

"ದೋಣೀಲಿ ಎಷ್ಟ್ ಜನ ಇದ್ರಿ?"

ಹನ್ನೊಂದು ಎಂದು ಅರ್ಧ ಗಂಟೆಯ ಹಿಂದೆ ಹೇಳಿದ್ದ ಬಾಯಿ ಇದೇ.

"ಇಬ್ರು. ನಿನ್ ದೊಡ್ಡವ್ವ, ನಾನು. ನಾನು ತಳದಲ್ಲಿ ಬಿದ್ಕೊಂಡು ದಾರಿಯುದ್ದಕ್ಕೂ ವಾಂತಿ ಮಾಡ್ಕೊಂಡೆ. ಮರ ಕೊರೆದು ಮಾಡಿದ್ ದೋಣಿ. ಮೂರ್ ಜನಕ್ಕೆ ಆಗ್ತಿತ್ತು."

"ಅವ್ವಂಗೆ ಜಾಗ ಇತ್ತಾ?"

"ಇತ್ತು. ನಡುವೆ. ನಿನ್ ದೊಡ್ಡವ್ವ ಅಲ್ಲಿ ಚರ್ಮ ಹಾಸಿದ್ಲು. ನಾನ್ ಕಾಲ್ ಚಾಚ್ದೆ. 'ಮಡಚ್ಕೊ' ಅಂದ್ಲು. ಬೆಳಗಾಗೋಗಂಟ ಮಡಚ್ಕೊಂಡೇ ಇದ್ದೆ."

"ಎಷ್ಟ್ ಜಾಗ?"

ಬೆಂಚಿನ ಹಲಗೆಯ ಮೇಲೆ ಎರಡೂ ಕೈಗಳನ್ನು ನಿಲ್ಲಿಸಿ ತೋರಿಸಿದೆ. ಅಗಲವಾಯಿತು. ನನ್ನ ಕೈಗಳಿಗೆ ಹಿಗ್ಗಿಸಿಯೇ ಅಭ್ಯಾಸ. ಒಂದನ್ನು ಸ್ವಲ್ಪ ಒಳಗೆ ತಂದೆ. ಇನ್ನೂ ಜಾಸ್ತಿಯೆನಿಸಿತು, ಇನ್ನೊಂದನ್ನು ತಂದೆ. ಒಂದು ಮೊಳ, ಅದರ ಮೇಲೆ ನಾಲ್ಕು ಬೆರಳು.

"ಇಷ್ಟು," ಎಂದೆ.

ಲುವಿನಿ ಬಗ್ಗಿ ನನ್ನ ಕೈಗಳ ನಡುವಿನ ಹಲಗೆಯನ್ನು ನೋಡುತ್ತ ನಿಂತಳು. ನಾನು ಕೈ ತೆಗೆಯಲಿಲ್ಲ.